ಒಂಬತ್ತನೇ ಕಿಲೋಮೀಟರು

“ತಿರುಗಿಸು.”

ಕಾನ್‌ಸ್ಟೇಬಲ್ ಬಚ್ಚಪ್ಪ ಮುಂದಿನ ಎಡಗಡೆಯ ಚಕ್ರಕ್ಕೆ ಎರಡೂ ಕೈ ಹಾಕಿ ಬೀಸಿ ತಿರುಗಿಸಿದ. ಜ್ಯಾಕ್ ಮೇಲೆ ನಿಂತಿದ್ದ ಕಾರು ಸ್ವಲ್ಪ ಅಲುಗಿತು. ಚಕ್ರ ಎಲ್ಲೂ ಉಜ್ಜದೆ, ಎಲ್ಲೂ ತಡೆಯದೆ ಏಳೆಂಟು ಸುತ್ತು ಸುತ್ತಿ ತಾನಾಗಿಯೇ ನಿಂತಿತು.

“ಇದೂ ಸರ್ಯಾಗೈತೆ ಸಾ. ನಾಕೂ ಆಯ್ತು. ಈ ಕಾರಲ್ಲಿ ಏನೂ ಇಲ್ಲ ಬುಡಿ.”

ಓಂಕಾರಪ್ಪ ಟಾರ್ಚು ಆರಿಸಿದರು. ಗೋಣಿಚೀಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅವರ ಎಡ ಮಂಡಿ ನೋಯುತ್ತಿತ್ತು. ಅರವತ್ತೇಳು ವರ್ಷದ ಮಂಡಿ. ಟಾರ್ಚನ್ನು ಬಚ್ಚಪ್ಪನ ಕೈಗೆ ಕೊಟ್ಟು, ಮಡ್‌ಗಾರ್ಡ್ ಹಿಡಿದು ಮೆಲ್ಲಗೆ ಎದ್ದರು.

ವೇಣುಗೋಪಾಲ್ ಈ ಕಾರಿನಲ್ಲಿ ಬಂಗಾರಪೇಟೆಯಿಂದ ಬೂದಿಕೋಟೆಗೆ ಹೊರಟು, ದಾರಿಯ ಮೋರಿಯೊಂದರ ಕೆಳಗೆ ಹೆಣವಾಗಿ ಸಿಕ್ಕಿ ಇವತ್ತಿಗೆ ಆರು ದಿನ. ಅವತ್ತು ಬೆಳಿಗ್ಗೆ ಹನ್ನೊಂದೂಕಾಲಿಗೆ ಆತ ಹೆಂಡತಿ ಸುಮಲತಳಿಗೆ ಫೋನ್ ಮಾಡಿದ್ದ. “ನಾಲ್ಕೂ ಚಕ್ರ ಹಿಡ್ಕೊಂಡುಬಿಟ್ಟಿದೆ, ತಳ್ಳಿದ್ರೂ ಅಲ್ಲಾಡ್ತಿಲ್ಲ. ತಣ್ಣಗಾಗಲಿ ಅಂತ ಕೂತಿದ್ದೀನಿ” ಎಂದಿದ್ದ. ಅದೇ ಕೊನೆಯ ಮಾತು.

ಸಂಜೆ ಪೊಲೀಸರು ಹೋಗಿ ನೋಡಿದಾಗ ಆ ಕಾರನ್ನು ಒಬ್ಬನೇ ಮನುಷ್ಯ ಒಂದೇ ಕೈಯಲ್ಲಿ ತಳ್ಳಬಹುದಿತ್ತು.

“ಸರ್, ನಾನು ಸಂಜೆಯೊಳಗೆ ವರದಿ ಬರೀಬೇಕು,” ಎಂದಳು ಸಬ್ ಇನ್ಸ್‌ಪೆಕ್ಟರ್ ಭಾರ್ಗವಿ. ಠಾಣೆಯ ಹಿಂದಿನ ಆ ತಗಡಿನ ಶೆಡ್ಡಿನ ಕಂಬಕ್ಕೆ ಒರಗಿ ನಿಂತು ಅವಳು ಒಂದು ಗಂಟೆಯಿಂದ ಇವರ ಕೈಯನ್ನೇ ನೋಡುತ್ತಿದ್ದಳು. ರಜೆಯಲ್ಲಿದ್ದವಳು ಮೂರನೇ ದಿನ ಬಂದು ಈ ಫೈಲು ತೆಗೆದುಕೊಂಡಿದ್ದಳು. “ಕಾರಲ್ಲಿ ದೋಷ ಇಲ್ಲ ಅಂತಾದ್ರೆ, ಮೋರಿ ಕಟ್ಟೆ ಮೇಲೆ ಕೂತಿದ್ದಾಗ ತಲೆಸುತ್ತು ಬಂದು ಬಿದ್ದರು ಅಂತಾಗುತ್ತೆ. ಫೈಲ್ ಮುಚ್ಚುತ್ತೆ.”

“ಹಾಗಾದ್ರೆ ಸುಮಲತ ಹೇಳಿದ್ದು?”

“ಗಾಬರೀಲಿ ಏನೋ ಕೇಳಿಸ್ಕೊಂಡಿರಬಹುದು ಅಂತಾರೆ. ನನಗೆ ಹಾಗನ್ನಿಸಲಿಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಕಾರ್ಖಾನೇಲಿ ಬ್ರೇಕ್ ಸೆಕ್ಷನ್ ಫೋರ್‌ಮನ್ ಆಗಿದ್ದೋರು, ವೇಣುಗೋಪಾಲ್ ಅವರ ಜೊತೆ ಕೆಲಸ ಮಾಡಿದ್ದೋರು.”

ಓಂಕಾರಪ್ಪ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಜೊತೆಗೆ ಕೆಲಸ ಮಾಡಿದ್ದು ಮಾತ್ರ ಅವಳಿಗೆ ಗೊತ್ತು.

ಕಾರು ಐವತ್ತೇಳರ ಲ್ಯಾಂಡ್‌ಮಾಸ್ಟರ್, ಕೆನೆಬಣ್ಣ. ಮೈಸೂರು ಮೈನ್ಸ್‌ನ ಚಿನ್ನದ ಗಣಿಯ ಪಾಳುಬಿದ್ದ ಬಂಗಲೆಯೊಂದರ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಗೂಡಾಗಿದ್ದ ಇದನ್ನು ವೇಣು ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಹನ್ನೊಂದು ವರ್ಷ ಒಂದೊಂದೇ ಬೋಲ್ಟು ಬಿಚ್ಚಿ, ತೊಳೆದು, ಹಾಕಿ, ಮತ್ತೆ ಜೀವ ಬರಿಸಿದ್ದ. ಅಂಥವನು ಬ್ರೇಕು ಹಿಡಿದಿದೆ ಎಂದರೆ ಹಿಡಿದಿರಲೇಬೇಕು.

ಓಂಕಾರಪ್ಪ ಬೆಳಿಗ್ಗೆಯಿಂದ ಒಂದೊಂದನ್ನೇ ತಳ್ಳಿಹಾಕುತ್ತ ಬಂದಿದ್ದರು. ಹ್ಯಾಂಡ್‌ಬ್ರೇಕಿನ ಕೇಬಲ್ಲು ತುಕ್ಕು ಹಿಡಿದಿದ್ದರೆ ಹಿಂದಿನ ಎರಡು ಚಕ್ರ ಮಾತ್ರ ಹಿಡಿಯಬೇಕು. ಕೇಬಲ್ಲು ಎಣ್ಣೆ ಕುಡಿದು ನುಣ್ಣಗಿತ್ತು. ಡ್ರಮ್ಮು ಬಿಚ್ಚಿ ನೋಡಿದರು. ಒಳಗಿನ ಶೂಗಳನ್ನು ವಾಪಸು ಎಳೆಯುವ ಸ್ಪ್ರಿಂಗುಗಳು ಹೊಸವು. ಚಕ್ರದ ಸಿಲಿಂಡರುಗಳಲ್ಲಿ ರಬ್ಬರು ಊದಿಕೊಂಡಿರಲಿಲ್ಲ. ಹೋಸುಗಳನ್ನು ಮಡಿಸಿ, ಹಿಸುಕಿ ನೋಡಿದರು. ಎಲ್ಲವೂ ಸರಿ. ಆದರೆ ಶೂಗಳಿಗೆ ಅಂಟಿಸಿದ್ದ ಲೈನಿಂಗು ಮಾತ್ರ ಮೇಲ್ಮೈಯಲ್ಲಿ ಕಪ್ಪಗೆ ಗಾಜಿನಂತೆ ಹೊಳೆಯುತ್ತಿತ್ತು. ನಾಲ್ಕರಲ್ಲೂ ಒಂದೇ ಸಮ. ಸುಟ್ಟ ಹೊಳಪು.

“ಮೇಡಮ್, ಇದನ್ನ ಓಡಿಸಬೇಕು,” ಎಂದರು.

“ಈಗ್ಲಾ?”

“ನಾವು ತಣ್ಣಗಿರೋ ಕಾರನ್ನ ಪರೀಕ್ಷೆ ಮಾಡ್ತಿದ್ದೀವಿ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ಅವತ್ತು ಅವನು ಹೋದ ದಾರೀಲೇ ಹೋಗಬೇಕು.”

ಭಾರ್ಗವಿ ಕಾರಿನ ಮುಂದಿನ ಬಾಗಿಲು ತೆಗೆದು ಕೂತಳು. “ಬಚ್ಚಪ್ಪ, ನೀವು ಜೀಪಲ್ಲಿ ಹಿಂದೆ ಬನ್ನಿ. ಮೀಟರ್ ನೋಡ್ಕೊಳ್ಳಿ.”

*

ಊರು ದಾಟುವವರೆಗೂ ಕಾರು ಮದುವೆ ಹೆಣ್ಣಿನಂತೆ ನಡೆಯಿತು. ಹಂಪುಗಳು, ಅಡ್ಡ ಬರುವ ಆಟೋಗಳು, ಹಾಲಿನ ವ್ಯಾನು, ದಾರಿಯಲ್ಲೇ ಮಲಗಿದ್ದ ಎರಡು ಹಸು. ಪ್ರತಿ ಸಲವೂ ಓಂಕಾರಪ್ಪ ಬ್ರೇಕು ಒತ್ತಿದರು. ಒತ್ತಿದಾಗೆಲ್ಲ ಕಾರು ಚೆನ್ನಾಗಿಯೇ ನಿಂತಿತು.

ನಾಲ್ಕನೇ ಕಿಲೋಮೀಟರು ದಾಟಿದ ಮೇಲೆ ಪೆಡಲು ಪಾದಕ್ಕೆ ಗಟ್ಟಿಯಾಗಿ ತಾಗತೊಡಗಿತು. ಮೊದಲು ಸ್ವಲ್ಪ ಒಳಗೆ ಹೋಗಿ ಹಿಡಿಯುತ್ತಿದ್ದದ್ದು ಈಗ ಕಾಲಿಟ್ಟ ಕೂಡಲೇ ಹಿಡಿಯುತ್ತಿತ್ತು. ಆರನೆಯದರಲ್ಲಿ ಎಂಜಿನ್ನು ಏದುಸಿರು ಬಿಡಲು ಶುರುಮಾಡಿತು. ಅವರು ಗೇರು ಇಳಿಸಿದರು. ರಸ್ತೆ ಸಮತಟ್ಟಾಗಿತ್ತು, ಆದರೂ ಕಾರು ಬೆಟ್ಟ ಹತ್ತುತ್ತಿರುವಂತೆ ಜಗ್ಗುತ್ತಿತ್ತು.

“ಏನೋ ಸುಟ್ಟ ವಾಸನೆ,” ಎಂದಳು ಭಾರ್ಗವಿ.

“ಲೈನಿಂಗ್. ಸುಮ್ಮನೆ ಕೂತ್ಕೊಳ್ಳಿ.”

ಎಡಕ್ಕೆ ನೀಲಗಿರಿ ತೋಪು ಶುರುವಾಯಿತು. ಒಂದೂ ಮನೆಯಿಲ್ಲ, ಒಂದು ಚಹಾದ ಗೂಡಂಗಡಿಯೂ ಇಲ್ಲ. ಕಾರು ಒಮ್ಮೆ ಮುಗ್ಗರಿಸಿ, ಕಾಲಿಡದೆಯೇ ಬ್ರೇಕು ಹಾಕಿದಂತೆ ನಿಂತುಬಿಟ್ಟಿತು. ಎಂಜಿನ್ನು ಆರಿಹೋಯಿತು.

ಬಚ್ಚಪ್ಪ ಜೀಪಿನಿಂದ ಇಳಿದು ಓಡಿಬಂದ. “ಎಂಟೂಮುಕ್ಕಾಲು ಕಿಲೋಮೀಟ್ರು ಮೇಡಮ್. ಅಗಾ, ಆ ಮುಂದ್ಲ ಮೋರಿ ಕಾಣ್ತದಲ್ಲ, ಅಲ್ಲೇ ಅವ್ರು ಬಿದ್ದಿದ್ದು. ನಾನೇ ಅಲ್ವಾ ಕಾರು ಎಳೆಸ್ಕೊಂಡು ಬಂದಿದ್ದು.”

ಮೋರಿ ಅರವತ್ತು ಹೆಜ್ಜೆ ದೂರದಲ್ಲಿತ್ತು.

ಮೂವರೂ ಸೇರಿ ತಳ್ಳಿದರು. ಕಾರು ಬೇರೂರಿದಂತೆ ನಿಂತಿತ್ತು. ಚಕ್ರದ ನಡುವೆ ಬೆರಳಿಡಲು ಹೋದ ಬಚ್ಚಪ್ಪ ‘ಅಬ್ಬಾ’ ಎಂದು ಕೈ ಕೊಡವಿಕೊಂಡ.

ಓಂಕಾರಪ್ಪ ಮುಂದಿನ ಚಕ್ರದ ಹಿಂದೆ ಮಲಗಿ, ಗಾಳಿ ತೆಗೆಯುವ ಸಣ್ಣ ಸ್ಕ್ರೂವನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲಿಸಿದರು. ಬ್ರೇಕ್ ಆಯಿಲ್ಲು ಪಿಚಕಾರಿಯಂತೆ ಒಂದು ಮಾರು ಚಿಮ್ಮಿತು. ಒಳಗೆ ಟಕ್ ಎಂದು ಏನೋ ಬಿಟ್ಟುಕೊಂಡ ಸದ್ದಾಯಿತು.

“ಈಗ ಜ್ಯಾಕ್ ಕೊಟ್ಟು ಈ ಚಕ್ರ ತಿರುಗಿಸು ಬಚ್ಚಪ್ಪ.”

ಚಕ್ರ ತಿರುಗಿತು. ಅದರ ಜೊತೆಗೇ ಉಳಿದ ಮೂರೂ ಬಿಟ್ಟುಕೊಂಡಿದ್ದವು.

ಅವರು ರಸ್ತೆಯ ಅಂಚಿನಲ್ಲೇ ಕೂತು ಭಾರ್ಗವಿಗೆ ಹೇಳಿದರು. “ಬ್ರೇಕ್ ಒತ್ತಿದಾಗ ಆಯಿಲ್ ಚಕ್ರದ ಕಡೆ ಹೋಗುತ್ತೆ. ಕಾಲು ತೆಗೆದ್ರೆ ವಾಪಸು ಬರಬೇಕು. ವಾಪಸು ಬರೋಕೆ ಮಾಸ್ಟರ್ ಸಿಲಿಂಡರಲ್ಲಿ ಸೂಜಿ ಮೊನೆಯಷ್ಟು ಒಂದು ತೂತಿದೆ. ಪೆಡಲಿಂದ ಅಲ್ಲಿಗೆ ಒಂದು ರಾಡು ಹೋಗುತ್ತೆ. ಆ ರಾಡನ್ನ ಎರಡೇ ಎರಡು ಸುತ್ತು ಉದ್ದ ಮಾಡಿದ್ರೆ ಸಾಕು, ಆ ತೂತು ಯಾವಾಗ್ಲೂ ಅರೆಬರೆ ಮುಚ್ಚೇ ಇರುತ್ತೆ. ಪ್ರತಿ ಸಲ ಒತ್ತಿದಾಗಲೂ ಒಂದಿಷ್ಟು ಆಯಿಲ್ ಒಳಗೇ ಸಿಕ್ಕೊಳ್ಳುತ್ತೆ. ಶೂ ಉಜ್ಜುತ್ತೆ, ಬಿಸಿಯಾಗುತ್ತೆ, ಆಯಿಲ್ ಹಿಗ್ಗುತ್ತೆ, ಇನ್ನೂ ಬಿಗಿಯಾಗುತ್ತೆ. ಕೊನೇಗೆ ನಾಲ್ಕೂ ಚಕ್ರ ಹಿಡಿದುಬಿಡುತ್ತೆ.”

“ಮತ್ತೆ ಸಂಜೆ ನಮ್ಮೋರು ನೋಡಿದಾಗ?”

“ಮುಕ್ಕಾಲು ಗಂಟೆ ಬಿಟ್ರೆ ತಣ್ಣಗಾಗಿ ತಾನೇ ಬಿಟ್ಕೊಳ್ಳುತ್ತೆ. ಏನೂ ಆಗೇ ಇಲ್ಲ ಅನ್ನೋ ಹಾಗೆ.”

ಭಾರ್ಗವಿ ಆ ತೋಪನ್ನು, ಖಾಲಿ ರಸ್ತೆಯನ್ನು, ಮೋರಿಯನ್ನು ಒಂದೊಂದಾಗಿ ನೋಡಿದಳು. “ಅಂದ್ರೆ ಕಾರು ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ಗೊತ್ತಿತ್ತು ಯಾರಿಗೋ.”

ಓಂಕಾರಪ್ಪ ಎದ್ದು ಕಾರಿನ ಬಾಗಿಲು ತೆಗೆದರು. ಚಾಲಕನ ಪಾದದ ಕೆಳಗಿನ ತಗಡು ಬಿಚ್ಚಿ ತಲೆ ಒಳಗೆ ಹಾಕಿದರು. ರಾಡು ಕಂಡಿತು. ಹಳೆಯ ಗ್ರೀಸಿನ ಕಪ್ಪಿನ ಪಕ್ಕದಲ್ಲೇ ತಿರುಪಿನ ಎರಡು ಸುತ್ತಿನಷ್ಟು ಲೋಹ ಹೊಸದಾಗಿ ಹೊಳೆಯುತ್ತಿತ್ತು. ರಾಡನ್ನು ಈಚೆಗೆ ತಿರುಗಿಸಿ ಉದ್ದ ಮಾಡಿದ್ದರು.

ಅದು ಅವರು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಇನ್ನೊಂದಿತ್ತು. ಲಾಕ್ ನಟ್ಟಿನ ಮೇಲೆ, ರಾಡಿಗೂ ನಟ್ಟಿಗೂ ಅಡ್ಡವಾಗಿ, ಕಡ್ಡಿಯಲ್ಲಿ ಎಳೆದಂಥ ಒಂದು ಹಳದಿ ಬಣ್ಣದ ಗೆರೆ. ಹೊಸ ಗೆರೆ. ಇನ್ನೂ ಧೂಳು ಕೂಡ ಕೂತಿರಲಿಲ್ಲ.

“ಅದೇನು ಸರ್, ಆ ಹಳದಿ?” ಭಾರ್ಗವಿ ಅವರ ಭುಜದ ಮೇಲಿಂದ ಬಗ್ಗಿ ನೋಡಿದಳು.

“ಯಾರೋ ಮೆಕ್ಯಾನಿಕ್ ಹಾಕಿರೋ ಗುರುತು,” ಎಂದರು ಓಂಕಾರಪ್ಪ. ತಮ್ಮ ದನಿ ತಮಗೇ ಕೇಳಿಸಲಿಲ್ಲ.

*

ಮಧ್ಯಾಹ್ನದ ಮಾರಿಕುಪ್ಪಂ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಾಗಲೂ ಆ ಗೆರೆ ಕಣ್ಣ ಮುಂದೆಯೇ ಇತ್ತು.

ಆ ಗೆರೆಯ ಪದ್ಧತಿ ಕಾರ್ಖಾನೆಗೆ ತಂದವರು ಅವರೇ. ರಾಡು ಹೊಂದಿಸಿ, ಅಳೆದು, ನಟ್ಟು ಬಿಗಿದ ಮೇಲೆ ಹಳದಿ ಗೆರೆ ಎಳೆಯಬೇಕು. ಆಮೇಲೆ ಯಾರಾದರೂ ಮುಟ್ಟಿದರೆ ಗೆರೆ ಮುರಿದು ಗೊತ್ತಾಗುತ್ತದೆ. ಇಪ್ಪತ್ತನಾಲ್ಕು ವರ್ಷದ ಹಿಂದೆ, ವೆಂಕಿ ಸತ್ತ ಮರುವಾರ ತಂದ ಪದ್ಧತಿ. ಆಮೇಲೆ ಆ ಗೆರೆ ಎಳೆಯುತ್ತ ಬಂದವನು ಫಿಟ್ಟರ್ ಸೆಲ್ವರಾಜ್.

ವೆಂಕಿ ಬೂದಿಕೋಟೆಯ ಮುತ್ಯಾಲಮ್ಮನ ಒಬ್ಬನೇ ಮಗ. ಇಪ್ಪತ್ತೆರಡು ವರ್ಷ, ತರಬೇತಿಗೆ ಬಂದಿದ್ದವನು. ಅಂಗಳದಲ್ಲಿ ಸಾಮಾನು ಎಳೆಯುವ ಗಾಡಿಯೊಂದರ ಬ್ರೇಕನ್ನು ಸೆಲ್ವರಾಜ್ ಅವಸರದಲ್ಲಿ ಹೊಂದಿಸಿದ. ಇನ್ಸ್‌ಪೆಕ್ಟರ್ ಆಗಿದ್ದ ವೇಣುಗೋಪಾಲ್ ಗಾಡಿ ಓಡಿಸಿ ನೋಡದೆಯೇ ‘ಪರೀಕ್ಷಿಸಲಾಗಿದೆ’ ಎಂದು ಬರೆದ. ಫೋರ್‌ಮನ್ ಓಂಕಾರಪ್ಪ ಕೆಳಗೆ ಸಹಿ ಹಾಕಿದರು. ತಿಂಗಳ ಕೊನೆ, ಶನಿವಾರ, ಎಲ್ಲರಿಗೂ ಮನೆಗೆ ಹೋಗುವ ಆತುರ. ಇಳಿಜಾರಿನಲ್ಲಿ ಒಂದೇ ಕಡೆಯ ಚಕ್ರ ಹಿಡಿದು ಗಾಡಿ ಮಗುಚಿತು. ಹುಡುಗ ಅಡಿಯಲ್ಲಿದ್ದ.

ವಿಚಾರಣೆಯಲ್ಲಿ ಮೂವರೂ ಒಂದೇ ಮಾತು ಹೇಳಿದರು: ಹುಡುಗ ಕುಡಿದಿದ್ದ.

ಅವನು ಬೀಡಿ ಕೂಡ ಸೇದಿದವನಲ್ಲ. ಹೇಳಿಕೆ ಕೊಟ್ಟು ಹೊರಗೆ ಬಂದಾಗ ಬಾಗಿಲ ಬಳಿ ನೆಲದ ಮೇಲೆ ಸೆರಗು ಹೊದ್ದು ಕೂತಿದ್ದ ಮುತ್ಯಾಲಮ್ಮನನ್ನು ಓಂಕಾರಪ್ಪ ಸುತ್ತುಹಾಕಿಕೊಂಡು ಹೋದರು. ಅವಳು ತಲೆಯೆತ್ತಿ ನೋಡಲೂ ಇಲ್ಲ.

ಈಗ ವೇಣುವಿಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಿರಲಿಲ್ಲ. ಎರಡು ವಾರದ ಹಿಂದೆ ಫೋನ್ ಮಾಡಿದ್ದ. “ಆ ತಾಯಿ ಹತ್ರ ಹೋಗಿ ನಿಜ ಹೇಳ್ತೀನಿ ಓಂಕಾರಪ್ಪ. ನೀನೂ ಬಾ. ಇಬ್ಬರೂ ಹೋಗೋಣ.” ಓಂಕಾರಪ್ಪ ಮಂಡಿ ನೋವು ಎಂದಿದ್ದರು.

*

ಸೆಲ್ವರಾಜ್‌ನ ಮನೆ ಮಾರಿಕುಪ್ಪಂನ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳ ಕೊನೆಯಲ್ಲಿತ್ತು. ಅಂಗಳದಲ್ಲಿ ಒಂದು ಸ್ಕೂಟರು ಬಿಚ್ಚಿಕೊಂಡು ಬಿದ್ದಿತ್ತು. ಸೆಲ್ವರಾಜ್ ಬನಿಯನ್ನಿನಲ್ಲಿ, ಕಾಲು ಚಾಚಿ, ಮೆಟ್ಟಿಲ ಮೇಲೆ ಕೂತಿದ್ದ. ಓಂಕಾರಪ್ಪನವರನ್ನು ಕಂಡು ಎದ್ದ. ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

“ವಾಂಗ ಫೋರ್‌ಮನ್ ಸಾರ್. ಇಷ್ಟು ದೂರ ಯಾಕ್ ಬಂದ್ರಿ, ಫೋನ್ ಮಾಡಿದ್ರೆ ನಾನೇ ಬರ್ತಾ ಇದ್ನಲ್ಲ.”

“ನೀನು ಗೆರೆ ಯಾಕೆ ಎಳೆದೆ ಸೆಲ್ವ?”

ಸೆಲ್ವರಾಜ್ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಟ್ಟಿಲ ಮೇಲಿಟ್ಟ.

“ಯಾವ ಗೆರೆ ಸಾರ್?”

“ವೇಣು ಕಾರಿನ ರಾಡಿನ ಮೇಲೆ. ಹಳದಿ.”

ಒಳಗೆ ಯಾರೋ ಟೀವಿಯ ಸದ್ದು ಕಡಿಮೆ ಮಾಡಿದರು. ಸೆಲ್ವರಾಜ್ ಬಾಗಿಲನ್ನು ಎಳೆದುಕೊಂಡು ಮತ್ತೆ ಕೂತ. ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

“ಕೈ ಬಿಡಲ್ಲ ಸಾರ್,” ಎಂದ. “ಇಪ್ಪತ್ತು ವರ್ಷ ಎಳ್ದಿದ್ದೀನಿ. ನಟ್ ಬಿಗಿದ ಮೇಲೆ ಕೈ ತಾನೇ ಬಣ್ಣದ ಡಬ್ಬಿಗೆ ಓಗ್ತದೆ. ಮಾಡ್ತಿರೋದು ಪಾಪದ ಕೆಲ್ಸ ಅಂತ ಗೊತ್ತಿದ್ರೂ ಓಗ್ತದೆ.”

“ಅಂದ್ರೆ ನೀನೇ.”

“ನಾನೇ. ಸರ್ವೀಸ್ ಮಾಡು ಅಂತ ವೇಣು ಸಾರ್ ಕರೆದಿದ್ರು. ಅವ್ರು ಒಳಗೆ ಊಟಕ್ಕೆ ಓದಾಗ ರಾಡ್ ತಿರುಗಿಸ್ದೆ. ಟ್ರಯಲ್ ಅಂತ ಏಳಿ ಎರಡು ಸಲ ಬೂದಿಕೋಟೆ ರೋಡಲ್ಲಿ ಓಡಿಸಿ ನೋಡ್ದೆ. ಎರಡು ಸಲಾನೂ ಆ ತೋಪಲ್ಲೇ ನಿಂತ್ತು.”

“ಕೊಂದುಬಿಟ್ಟೆಯಲ್ಲೋ ಪಾಪಿ! ಮೂವತ್ತು ವರ್ಷ ಒಂದೇ ಡಬ್ಬೀಲಿ ಅನ್ನ ಹಂಚ್ಕೊಂಡು ತಿಂದಿದ್ರಲ್ಲೋ.”

“ನಾನ್ ಕೊಂದಿಲ್ಲ ಸಾರ್! ಸತ್ಯಮಾ ಕೊಂದಿಲ್ಲ.” ಸೆಲ್ವರಾಜ್ ಎದ್ದು ನಿಂತ. ಅವನ ಕಣ್ಣು ಕೆಂಪಾಗಿತ್ತು. “ನಿಲ್ಸಿದ್ದು ಅಷ್ಟೇ. ನೀವು ಏಳಿದ್ದೂ ಅದನ್ನೇ ಅಲ್ವಾ?”

“ನಾನಾ?”

“ನೀವೇ. ಮರ್ತೋಯ್ತಾ? ನಾನು ನಿಮಗೆ ಫೋನ್ ಮಾಡ್ದೆ. ವೇಣು ಸಾರ್ ಮೂರು ಎಸ್ರೂ ಏಳ್ತೀನಿ ಅಂತಾರೆ, ನನ್ ಮಗ ಅದೇ ಫ್ಯಾಕ್ಟರೀಲಿ ಅವ್ನೆ, ನಾಳೆ ಅವ್ನು ತಲೆ ಎತ್ಕೊಂಡು ಎಂಗೆ ಓಗ್ತಾನೆ ಅಂತ ಅತ್ಕೊಂಡೆ. ನೀವೇನಂದ್ರಿ? ‘ಅವನನ್ನ ಹೆಂಗಾದ್ರೂ ಮಾಡಿ ನಿಲ್ಲಿಸಪ್ಪ’ ಅಂದ್ರಿ. ಫೋನ್ ಇಟ್ಬಿಟ್ರಿ.”

ಅಂದಿದ್ದರು. ಸುಳ್ಳಲ್ಲ. ಬುದ್ಧಿ ಹೇಳಿ ತಡಿ ಎಂಬ ಅರ್ಥದಲ್ಲಿ ಅಂದಿದ್ದರು. ಅಥವಾ ಯಾವ ಅರ್ಥವೂ ಇಲ್ಲದೆ, ಆ ಮಾತು ಅಲ್ಲಿಗೆ ಮುಗಿದರೆ ಸಾಕೆಂದು ಅಂದಿದ್ದರು. ಫೋನಿಟ್ಟ ಮೇಲೆ ಟೀವಿ ಹಾಕಿಕೊಂಡು ಕೂತಿದ್ದೂ ನೆನಪಿದೆ.

“ಮನೇಲಿ ಮಾತಾಡೋಣ ಅಂದ್ರೆ ಅಮ್ಮಾವ್ರು ಇರ್ತಾರೆ,” ಸೆಲ್ವರಾಜ್ ಹೇಳುತ್ತಲೇ ಇದ್ದ. “ರೋಡಲ್ಲಿ ಕಾರು ನಿಂತ್ರೆ ಒಂದು ಗಂಟೆ ಅವ್ರು ಎಲ್ಲೂ ಓಗಕ್ಕಾಗಲ್ಲ. ಕಾಲಿಗೆ ಬಿದ್ದಾದ್ರೂ ಒಪ್ಪಿಸೋಣ ಅಂತ ಟೀವಿಎಸ್ ಮೇಲೆ ಓದೆ. ಹನ್ನೊಂದೂವರೆ ಆಗಿತ್ತು. ಮೋರಿ ಕಟ್ಟೆ ಮೇಲೆ ಕೂತಿದ್ರು. ನನ್ನ ನೋಡ್ದ ತಕ್ಷಣ ನಕ್ರು. ‘ರಾಡಾ?’ ಅಂದ್ರು. ಅಷ್ಟೇ. ಬೈಲಿಲ್ಲ.”

“ಆಮೇಲೆ?”

“‘ತಡ ಮಾಡ್ಬಿಟ್ಟೆ ಸೆಲ್ವ, ಓದ್ವಾರಾನೇ ಆಯಮ್ಮಂಗೆ ಎಲ್ಲಾ ಏಳ್ಬಿಟ್ಟಿದ್ದೀನಿ’ ಅಂದ್ರು. ಇವತ್ತು ಊಟಕ್ಕೆ ಕರೆದವ್ರೆ, ಅದಕ್ಕೆ ಓಗ್ತಿದ್ದೀನಿ ಅಂದ್ರು. ಇನ್ನೇನ್ ಮಾತಾಡ್ಲಿ ಸಾರ್? ಪ್ಲಾಸ್ಕಲ್ಲಿ ಕಾಪಿ ಇತ್ತು, ನನಗೂ ಕೊಟ್ರು. ಕುಡ್ದು ವಾಪಸ್ ಬಂದೆ. ನಾನ್ ಬರುವಾಗ ಜೀವಂತ ಇದ್ರು. ನನ್ ಮೊಮ್ಮಗಳ ಮೇಲೆ ಆಣೆ.”

ಓಂಕಾರಪ್ಪ ಮೆಟ್ಟಿಲ ಮೇಲೆ ಕೂತರು. ದೂರದಲ್ಲಿ ಗಣಿಯ ಸೈನೈಡ್ ಮಣ್ಣಿನ ದಿಬ್ಬ ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು. ಈಗಲೂ ಎದ್ದು ಹೋಗಿಬಿಡಬಹುದು. ಗೆರೆಯ ಅರ್ಥ ಭಾರ್ಗವಿಗೆ ಗೊತ್ತಿಲ್ಲ. ಸೆಲ್ವರಾಜ್ ಬಾಯಿ ಬಿಡುವುದಿಲ್ಲ. ಸತ್ತವನು ಹೇಗೂ ಮಾತಾಡುವುದಿಲ್ಲ. ಇಪ್ಪತ್ತನಾಲ್ಕು ವರ್ಷ ಹೀಗೆಯೇ ನಡೆದುಕೊಂಡು ಬಂದಿದೆ.

ಜೇಬಿನಿಂದ ಫೋನು ತೆಗೆದರು. ಭಾರ್ಗವಿಯ ನಂಬರು ಒತ್ತಿದರು.

“ಮೇಡಮ್, ಮಾರಿಕುಪ್ಪಂಗೆ ಬನ್ನಿ. ನಿಮಗೆ ಬೆಳಿಗ್ಗೆ ಒಂದು ಸುಳ್ಳು ಹೇಳಿದ್ದೆ. ಅದಕ್ಕಿಂತ ಹಳೇದೂ ಒಂದಿದೆ. ಎರಡನ್ನೂ ಬರ್ಕೊಳ್ಳಿ. ನನ್ನ ಹೆಸರು ಮೊದಲು ಹಾಕಿ.”

ಸೆಲ್ವರಾಜ್ ಓಡಿಹೋಗಲಿಲ್ಲ. ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತ.

*

ಅದೇ ಮೆಟ್ಟಿಲ ಬಳಿ ನಿಂತು ಭಾರ್ಗವಿ ಪೂರ್ತಿ ಕೇಳಿದಳು. ವೆಂಕಿ ಕುಡಿದಿದ್ದ ಎಂದು ಬರೆಸಿದ ಮಾತು ಬಂದಾಗ ಮಾತ್ರ ಅವಳು ಓಂಕಾರಪ್ಪನವರ ಮುಖ ನೋಡುವುದನ್ನು ಬಿಟ್ಟು ಪುಸ್ತಕ ನೋಡತೊಡಗಿದಳು. ಆಮೇಲೆ ಅವಳು ಅವರನ್ನು ಒಂದು ಸಲವೂ ‘ಸರ್’ ಎನ್ನಲಿಲ್ಲ.

“ನೀವು ಹೊರಟಾಗ ಕಾರು ಹೇಗೆ ನಿಂತಿತ್ತು?” ಎಂದು ಸೆಲ್ವರಾಜ್‌ನನ್ನು ಕೇಳಿದಳು.

“ಅಂಗೇ ಮೇಡಮ್. ಎಡಗಡೆ ತೋಪು, ಮೂತಿ ಬೂದಿಕೋಟೆ ಕಡೆ. ಅಲ್ಗಾಡಕ್ಕೆ ಆಗ್ತಿರಲಿಲ್ವಲ್ಲ.”

ಬಾಗಿಲ ಬಳಿ ನಿಂತಿದ್ದ ಬಚ್ಚಪ್ಪ ತಲೆ ಕೆರೆದುಕೊಂಡ. “ಇಲ್ಲ ಮೇಡಮ್, ತಪ್ಪೇಳ್ತಾವ್ನೆ. ನಾವು ಸಂಜೆ ಓದಾಗ ಮೂತಿ ಬಂಗಾರಪೇಟೆ ಕಡೀಕೆ ಇತ್ತು. ಎಳೆಯೋ ಗಾಡಿ ತಿರುಗಿಸ್ಕೊಳೋ ಪಜೀತಿ ಇಲ್ಲ ಅಂತ ನಾನೇ ಅಂದ್ಕಂಡೆ.”

ಭಾರ್ಗವಿ ಫೋನಿನಲ್ಲಿದ್ದ ಅವತ್ತಿನ ಫೋಟೋಗಳನ್ನು ತೆಗೆದಳು. ಕೆನೆಬಣ್ಣದ ಕಾರು, ಮೋರಿ, ತೋಪು. ತೋಪು ಕಾರಿನ ಬಲಗಡೆಗಿತ್ತು.

ಓಂಕಾರಪ್ಪ ಎದ್ದು ನಿಂತರು. ನಾಚಿಕೆ, ಮಂಡಿನೋವು ಎಲ್ಲ ಒಂದು ಗಳಿಗೆ ಮರೆತುಹೋಯಿತು. “ಹಾಗಾದ್ರೆ ಚಕ್ರ ಬಿಟ್ಕೊಂಡಿದೆ. ಅವನು ಬೂದಿಕೋಟೆಗೆ ಹೋಗಿದ್ದಾನೆ. ಹೋಗಿ ವಾಪಸು ಬಂದಿದ್ದಾನೆ.”

“ವಾಪಸು ಬರುವಾಗ ಮತ್ತೆ ಅಲ್ಲೇ ಹಿಡ್ಕೊಂಡಿರಬಹುದಲ್ಲ?”

“ಸಾಧ್ಯವೇ ಇಲ್ಲ. ಊಟ ಮಾಡಿ ಎದ್ದಿದ್ದಾನೆ ಅಂದ್ರೆ ಕಾರು ಪೂರ್ತಿ ತಣ್ಣಗಾಗಿರುತ್ತೆ. ಬೂದಿಕೋಟೆಯಿಂದ ಆ ಮೋರಿಗೆ ನಾಲ್ಕೇ ಕಿಲೋಮೀಟರು. ಅಷ್ಟರಲ್ಲಿ ಹಿಡಿಯಲ್ಲ. ಎರಡನೇ ಸಲ ಅಲ್ಲಿ ನಿಂತದ್ದು ಬ್ರೇಕಿನಿಂದ ಅಲ್ಲ ಮೇಡಮ್.”

“ಆದ್ರೆ ವೇಣುಗೋಪಾಲ್ ಬರಲೇ ಇಲ್ಲ ಅಂದ್ರಲ್ಲ ಮುತ್ಯಾಲಮ್ಮ,” ಎಂದಳು ಭಾರ್ಗವಿ ನಿಧಾನವಾಗಿ. “ಅನ್ನ ಮಾಡಿಟ್ಟು ಸಂಜೆವರೆಗೂ ಕಾದೆ ಅಂತ ಹೇಳಿಕೆ ಕೊಟ್ಟಿದ್ದಾರೆ. ಸಾವು ಆಗಿರೋದು ಮೂರರಿಂದ ನಾಲ್ಕು ಗಂಟೆಯೊಳಗೆ ಅಂತ ಡಾಕ್ಟರ್ ಬರೆದಿದ್ದಾರೆ.”

ಅವಳು ಮುತ್ಯಾಲಮ್ಮನ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೆಟ್ಟಿಲ ಮೇಲಿಟ್ಟಳು. ಎಮ್ಮೆಯೊಂದು ಕೂಗುವ ಸದ್ದಿನ ಹಿಂದೆ ಮುದಿ ದನಿ ಬಂತು.

“ಯಾರವ್ವಾ?”

“ಬಂಗಾರಪೇಟೆ ಸ್ಟೇಷನ್ನಿಂದ ಅಮ್ಮ, ಭಾರ್ಗವಿ. ವೇಣುಗೋಪಾಲ್ ಅವತ್ತು ನಿಮ್ಮ ಮನೆಗೆ ಬಂದಿದ್ರು ಅಂತ ಗೊತ್ತಾಗಿದೆ. ನಿಜ ಹೇಳಿ.”

ಆ ಕಡೆ ಎಮ್ಮೆ ಮತ್ತೊಮ್ಮೆ ಕೂಗಿತು.

“ಬಂದಿದ್ರು ಕಣಮ್ಮ. ಉಂಡಿದ್ದೂ ನಮ್ಮನೇಲೇ. ಸುಳ್ಳೇಳಿದ್ದು ನಾನು, ತಪ್ಪಾಯ್ತು. ಯಾರ್ ಕೇಳಿದ್ರೂ ಏಳ್ಬೇಡಮ್ಮ ಅಂತ ಅವ್ರ ಜತೇಲಿ ಬಂದಿದ್ದೋರು ಕೈ ಮುಗುದ್ರು.”

“ಜೊತೇಲಿ ಯಾರು ಬಂದಿದ್ರು?”

“ಅದೇ ಫೋರ್‌ಮನ್ನು. ಓಂಕಾರಪ್ಪನೋರು. ವೇಣಪ್ಪನೋರೇ ಎಸ್ರು ಏಳಿ ಕರ್ಕೊಂಡ್ ಬಂದ್ರು. ನನ್ ಕಾಲಿಡ್ಕೊಂಡು ಎಂಗೆ ಅತ್ರು ಅಂತೀಯಾ, ಸಣ್ಣ ಮಗೀನಂಗೆ ಅತ್ರು. ‘ನಿನ್ ಮಗ ಕುಡ್ದಿರ್ಲಿಲ್ಲ ತಾಯಿ, ನಾನು ಸುಳ್ಳು ಬರೆಸ್ದೆ’ ಅಂದ್ರು. ಆ ಮಾತು ಅವ್ರ ಬಾಯಲ್ಲೇ ಕೇಳಕ್ಕೆ ಇಪ್ಪತ್ನಾಕು ವರ್ಷ ಜೀವ ಇಡ್ಕೊಂಡಿದ್ನಮ್ಮ. ಒಟ್ಟೆ ತಣ್ಗಾಯ್ತು. ಅವ್ರನ್ನ ಏನೂ ಮಾಡ್ಬೇಡಿ ನೀವು. ನಾನು ಬುಟ್ಬುಟ್ಟಿದ್ದೀನಿ.”

ಫೋನು ಕಟ್ಟಾಯಿತು.

ಓಂಕಾರಪ್ಪ ಬೂದಿಕೋಟೆಯ ಆ ಮನೆಯ ಹೊಸಿಲನ್ನು ಈ ಜನ್ಮದಲ್ಲಿ ತುಳಿದಿರಲಿಲ್ಲ. ಮುತ್ಯಾಲಮ್ಮ ಅವರ ಮುಖ ಕಂಡವಳೇ ಅಲ್ಲ; ವೇಣು ಯಾರನ್ನು ತೋರಿಸಿ ಓಂಕಾರಪ್ಪ ಎಂದಿದ್ದರೂ ಅವಳು ನಂಬುತ್ತಿದ್ದಳು. ತಾವು ಅಳಬೇಕಾಗಿದ್ದ ಅಳುವನ್ನು ಇನ್ಯಾರೋ ಅತ್ತುಬಿಟ್ಟಿದ್ದರು. ತಾವು ಹಿಡಿಯಬೇಕಾಗಿದ್ದ ಕಾಲನ್ನು ಹಿಡಿದು, ತಮ್ಮ ಹೆಸರಿನಲ್ಲಿ ಕ್ಷಮೆ ಪಡೆದುಕೊಂಡು ಹೋಗಿದ್ದರು. ಅದಾಗಿ ಒಂದೆರಡು ಗಂಟೆಯೊಳಗೆ ವೇಣು ಸತ್ತಿದ್ದ.

ಸೆಲ್ವರಾಜ್ ಅವರಿಂದ ಒಂದು ಗೇಣು ಆಚೆಗೆ ಸರಿದು ಕೂತ.

“ಅವತ್ತು ಮಧ್ಯಾಹ್ನ ನೀವೆಲ್ಲಿದ್ರಿ?” ಎಂದಳು ಭಾರ್ಗವಿ.

“ಮನೇಲಿ.”

“ಜೊತೇಲಿ ಯಾರಿದ್ರು?”

“ಯಾರೂ ಇಲ್ಲ. ವೇಣು ಮತ್ತೆ ಕರೀತಾನೆ ಅಂತ ಹೆದರಿ ಬಾಗಿಲು ಹಾಕ್ಕೊಂಡಿದ್ದೆ. ಫೋನೂ ಆಫ್ ಮಾಡಿದ್ದೆ.”

ಭಾರ್ಗವಿ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದಳು. ಬಚ್ಚಪ್ಪ ಸದ್ದಿಲ್ಲದೆ ನಾಲ್ಕು ಹೆಜ್ಜೆ ನಡೆದು, ಅಂಗಳದಿಂದ ಬೀದಿಗೆ ಇದ್ದ ಒಂದೇ ದಾರಿಗೆ ಅಡ್ಡವಾಗಿ ನಿಂತುಕೊಂಡ.